ತಡೆದು ಒಡ್ಡುವ ಪಣ

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಮಧ್ಯಾಹ್ನ, ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದು ಹೋಗುವವನಿಗೆ ಒಂದು ವಿಚಿತ್ರವಾದ ನಿಶ್ಶಬ್ದ ಎದುರಾಗುತ್ತದೆ. ವರ್ಷವಿಡೀ ಖಟಖಟನೆ ಬಡಿದುಕೊಳ್ಳುವ ಮಗ್ಗಗಳು ಅಂದು ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿರುತ್ತವೆ. ಆ ಸದ್ದಿನ ಬದಲು ಜಗಲಿಗಳಿಂದಲೂ ಊರಾಚೆಯ ತೋಪುಗಳ ನೆರಳಿನಿಂದಲೂ ಬೇರೊಂದು ಸದ್ದು ಕೇಳಿಬರುತ್ತದೆ: ಇಸ್ಪೀಟಿನ ಎಲೆಗಳನ್ನು ಕಲಸುವ ಸರಸರ, ನಡುನಡುವೆ "ಒಳಗೆ!", "ಹೊರಗೆ!" ಎಂಬ ಉದ್ಗಾರ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಗೆ ಬೇವುಬೆಲ್ಲ ಹೇಗೋ ಎಲೆಯಾಟವೂ ಹಾಗೆ. ವರ್ಷದಲ್ಲಿ ಒಂದು ದಿನವಾದರೂ ಎಲೆ ಹಿಡಿಯದವನನ್ನು ಊರವರು ಸ್ವಲ್ಪ ಅನುಮಾನದಿಂದಲೇ ನೋಡುವರು. ಪೋಲೀಸಿನವರೂ ಅಂದು ತೋಪುಗಳ ಕಡೆಗೆ ಸ್ವಲ್ಪ ಅನುಮಾನದಿಂದಲೇ ನೋಡುವರು.

ಅಂದರ್-ಬಾಹರಿನಲ್ಲಿ ವಿಚಾರ ಮಾಡುವುದಕ್ಕೆ ಏನೂ ಇಲ್ಲ. ಎಲೆ ಒಳಗೆ ಬಿದ್ದರೆ ಬಂತು, ಹೊರಗೆ ಬಿದ್ದರೆ ಹೋಯಿತು. ಬುದ್ಧಿವಂತನಿಗೂ ಮೂಢನಿಗೂ ಅಲ್ಲಿ ಸಮಾನ ಮರ್ಯಾದೆ. ಆದುದರಿಂದ ಅದರ ಬಗ್ಗೆ ಬರೆಯುವುದಕ್ಕೂ ಏನೂ ಇಲ್ಲ. ನಾನು ಹೇಳಹೊರಟಿರುವುದು ಮೂರು ವರ್ಷಗಳ ಹಿಂದಿನ ಒಂದು ಹೊಸತೊಡಕಿನ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಕಲಿಸಿದ ಪೋಕರ್ ಎಂಬ ಆಟದ ಒಂದು ಸಣ್ಣ ಸೂಕ್ಷ್ಮದ ಸಂಗತಿ. ಅವನು ದೇವನಹಳ್ಳಿಯ ವಿಮಾನನಿಲ್ದಾಣದ ಬಳಿ ಒಂದು ಕಚೇರಿಯಲ್ಲಿ ಲೆಕ್ಕ ನೋಡುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಿದ್ದವನು ನನ್ನನ್ನು ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ, ಅವನ ತಾಯಿಯ ಅಡಿಗೆಮನೆಯಿಂದ ಒಂದು ಡಬ್ಬಿ ಹುಣಿಸೆಬೀಜ ತಂದು ಇಬ್ಬರಿಗೂ ಇನ್ನೂರಿನ್ನೂರು ಎಣಿಸಿ ಕೊಟ್ಟ. "ಹಣ ಬೇಡ ಸಾರ್. ಆಟ ತಿಳಿಯುವುದಕ್ಕೆ ಬೀಜ ಸಾಕು" ಎಂದ.

ಆಟದ ಕಟ್ಟು ಸರಳವಾದುದೇ. ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆ. ಅವನ್ನು ನೋಡಿಕೊಂಡು ಒಂದು ಸುತ್ತು ಪಣ. ಆಮೇಲೆ ನಡುವೆ ಎಲ್ಲರಿಗೂ ಸಲ್ಲುವ ಮೂರು ಎಲೆಗಳನ್ನು ಬಿಚ್ಚಿ ಇಡುವರು. ಇದಕ್ಕೆ ಫ್ಲಾಪ್ ಎಂದು ಹೆಸರು. ಮತ್ತೆ ಪಣ. ನಾಲ್ಕನೆಯ ಎಲೆ, ಅದು ಟರ್ನ್, ಮತ್ತೆ ಪಣ. ಐದನೆಯದು ರಿವರ್, ಕೊನೆಯ ಪಣ. ಕೈಯ ಎರಡು, ನೆಲದ ಐದು, ಈ ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿದವನು ರಾಶಿಯನ್ನು ಬಾಚಿಕೊಳ್ಳುವನು. ಅಥವಾ ಉಳಿದವರೆಲ್ಲ ಅಂಜಿ ಎಲೆ ಮಗುಚುವಂತೆ ಮಾಡಿದವನು ಏನನ್ನೂ ತೋರಿಸದೆಯೇ ಬಾಚಿಕೊಳ್ಳುವನು. ನಮ್ಮ ಮೂರೆಲೆಯಾಟ ಬಲ್ಲವರಿಗೆ ಇದರಲ್ಲಿ ಹೊಸದೆಂದು ತೋರುವುದು ಒಂದೇ ಅಂಶ. ಮೂರೆಲೆಯಲ್ಲಿ ಸರದಿ ಬಂದಾಗ ಹಣ ಹಾಕಬೇಕು, ಇಲ್ಲವೆ ಎಲೆ ಬಿಸಾಡಬೇಕು. ಪೋಕರಿನಲ್ಲಿ ಮೂರನೆಯ ದಾರಿಯೊಂದುಂಟು. ಎದುರಿಗೆ ಯಾರೂ ಪಣ ಇಟ್ಟಿರದಿದ್ದರೆ, ಏನನ್ನೂ ಹಾಕದೆ, ಎಲೆಯನ್ನೂ ಬಿಡದೆ, ಸರದಿಯನ್ನು ಮಾತ್ರ ಮುಂದಕ್ಕೆ ದಾಟಿಸಬಹುದು. ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿದರೆ ಸಾಕು. ಇದನ್ನು ಚೆಕ್ ಎನ್ನುವರು. ನಾವು ಸರದಿ ಬಿಡುವುದು ಎನ್ನೋಣ. ಈ ಲೇಖನವೆಲ್ಲ ಆ ಬೆರಳ ತಟ್ಟಿನ ಮೇಲೆಯೇ ನಿಂತಿದೆ.

ನಾಲ್ಕನೆಯ ಆಟದಲ್ಲಿ ನನಗೆ ಎರಡು ರಾಜರು ಬಂದರು. ಹಿಗ್ಗಿ ಇಪ್ಪತ್ತು ಬೀಜ ಒಡ್ಡಿದೆ. ಅವನೂ ಇಪ್ಪತ್ತು ಇಟ್ಟ. ರಾಶಿ ನಲವತ್ತಾಯಿತು. ನೆಲಕ್ಕೆ ಬಿದ್ದುವು ಎಕ್ಕ, ಏಳು, ಎರಡು. ಅವನು ಸರದಿ ಬಿಟ್ಟ. ಮೊದಲು ಏರಿಸಿದವನು ನಾನು. ಈಗ ಸುಮ್ಮನಿದ್ದರೆ ಅಂಜಿದೆನೆಂದು ತಿಳಿದಾನು ಎಂದುಕೊಂಡು ಮತ್ತೆ ಇಪ್ಪತ್ತು ಒಡ್ಡಿದೆ. ಅವನು ನಕ್ಕು ತನ್ನ ಎಲೆಗಳನ್ನು ಅಂಗಾತ ಮಾಡಿ ಎಸೆದ: ಎರಡು ಒಂಬತ್ತು. ರಾಶಿ ನನ್ನದಾಯಿತು. ಗೆದ್ದ ಸಂತೋಷದಲ್ಲಿ ನಾನು ಬೀಜ ಎಣಿಸುತ್ತಿರುವಾಗ ಅವನು ಕೇಳಿದ: "ಸಾರ್, ಈ ಎರಡನೆಯ ಇಪ್ಪತ್ತನ್ನು ನೀವು ಯಾರ ಬೀಜ ಗೆಲ್ಲುವುದಕ್ಕೆ ಇಟ್ಟಿರಿ?"

ನನಗೆ ಉತ್ತರ ಹೊಳೆಯಲಿಲ್ಲ. ಅವನೇ ಬಿಡಿಸಿ ಹೇಳಿದ. ಅವನ ಕೈಯಲ್ಲಿ ಎಕ್ಕವಿದ್ದಿದ್ದರೆ ಅವನು ಹೋಗುತ್ತಿರಲಿಲ್ಲ, ನನ್ನ ಇಪ್ಪತ್ತೂ ಅವನ ಪಾಲಾಗುತ್ತಿತ್ತು. ಎಕ್ಕವಿಲ್ಲದಿದ್ದರೆ ಅವನು ಹೋಗಿಬಿಡುವನು, ನನಗೆ ಹೊಸದಾಗಿ ಒಂದು ಬೀಜವೂ ಬಾರದು. ನನ್ನನ್ನು ಗೆಲ್ಲಬಲ್ಲವರನ್ನು ಮಾತ್ರ ಉಳಿಸಿಕೊಂಡು, ನಾನು ಗೆಲ್ಲಬಲ್ಲವರನ್ನೆಲ್ಲ ಓಡಿಸುವ ಪಣ ಅದು. ಇದ್ದ ರಾಶಿ ನನ್ನದಾಯಿತೆಂಬುದು ನಿಜ. ಆದರೆ ಬರಬೇಕಾಗಿದ್ದುದು ಇನ್ನೂ ಇತ್ತು.

ನಾನು ಮಾಡಿದುದು ಹೊಸ ತಪ್ಪೇನೂ ಅಲ್ಲ. ಅದಕ್ಕೊಂದು ಶಾಸ್ತ್ರವೂ ಇದೆ. ಮೊದಲು ಏರಿಸಿದವನು ಫ್ಲಾಪ್ ಬಿದ್ದ ಮೇಲೆ, ಎಲೆ ಕೂಡಲಿ ಬಿಡಲಿ, ಅದೇ ಬಿಗಿಯಲ್ಲಿ ಮತ್ತೆ ಒಡ್ಡುವ ಪಣಕ್ಕೆ ಮುಂದುವರಿಕೆಯ ಪಣ ಎಂದು ಹೆಸರು. ಅಮೆರಿಕದ ಡಾಯಲ್ ಬ್ರನ್ಸನ್ ಈ ಬಗೆಯ ಎಡೆಬಿಡದ ಆಟವನ್ನು ೧೯೭೦ರ ದಶಕದ ಕೊನೆಯಲ್ಲಿ ಪುಸ್ತಕದಲ್ಲಿ ಬರೆದಿಟ್ಟ. ೧೯೯೫ರ ವಿಶ್ವ ಪಂದ್ಯವನ್ನು ಗೆದ್ದಿದ್ದ ಡ್ಯಾನ್ ಹ್ಯಾರಿಂಗ್ಟನ್ ೨೦೦೪ರಿಂದ ಹೊರತಂದ ಗ್ರಂಥಮಾಲೆಯಿಂದ ಈ ಹೆಸರು ಎಲ್ಲರ ಬಾಯಿಗೂ ಬಂತು. ಇದರ ಹಿಂದಿನ ಲೆಕ್ಕ ಬಹು ಚೆಲುವಾದುದು. ಬೇರೆ ಬೇರೆ ಅಂಕದ ಎರಡು ಎಲೆ ಹಿಡಿದವನಿಗೆ ಫ್ಲಾಪಿನಲ್ಲಿ ಜೋಡಿ ಕೂಡುವುದು ಸುಮಾರು ಮೂರು ಸಲಕ್ಕೆ ಒಂದು ಸಲ ಮಾತ್ರ. ಎಂದರೆ ಎದುರಾಳಿ ಮೂರಕ್ಕೆ ಎರಡು ಸಲ ಬರಿಗೈಯಲ್ಲಿರುತ್ತಾನೆ. ರಾಶಿಯಲ್ಲಿ ನೂರು ಇರುವಾಗ ಐವತ್ತು ಒಡ್ಡಿದರೆ, ಮೂರು ಸಲಕ್ಕೆ ಒಂದು ಸಲ ಅವನು ಹೋದರೂ ನಷ್ಟವಿಲ್ಲ. ಅದಕ್ಕಿಂತ ಒಂದು ಸಲ ಹೆಚ್ಚಿಗೆ ಹೋದರೂ ಲಾಭವೇ. ಇಂತಹ ಲೆಕ್ಕ ಕೈಗೆ ಸಿಕ್ಕಿದಾಗ ಒಡ್ಡದೆ ಇರುವವನು ಯಾರು? ಹಲವು ವರ್ಷ ಎಲ್ಲರೂ ಕಣ್ಣು ಮುಚ್ಚಿ ಒಡ್ಡಿದರು.

ಎಲ್ಲರೂ ಒಡ್ಡುತ್ತಾರೆಂಬುದು ಎಲ್ಲರಿಗೂ ತಿಳಿದ ದಿನ ಆ ಪಣದ ಬೆಲೆ ಇಳಿಯಿತು. ಎದುರಾಳಿಗಳು ಬರಿಗೈಯಲ್ಲಿದ್ದೂ ಹೋಗದೆ ನಿಂತರು. ಸರದಿ ಬಿಟ್ಟು, ಪಣ ಬರುವವರೆಗೆ ಕಾದು, ಅದರ ಮೂರರಷ್ಟನ್ನು ತಿರುಗಿ ಒಡ್ಡಿದರು. ಆಮೇಲೆ ಯಂತ್ರಗಳು ಬಂದುವು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ, ಪಣಕ್ಕೆ ಮಿತಿಯುಳ್ಳ ಇಬ್ಬರಾಟವನ್ನು ಗಣಕದಿಂದ ಹೆಚ್ಚುಕಡಮೆ ಪೂರ್ತಿಯಾಗಿ ಬಿಡಿಸಿದರು. ೨೦೧೭ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಯಂತ್ರ, ಪಣಕ್ಕೆ ಮಿತಿಯಿಲ್ಲದ ಆಟದಲ್ಲಿ, ನಾಲ್ವರು ಪಳಗಿದ ಆಟಗಾರರನ್ನು ೧,೨೦,೦೦೦ ಆಟಗಳ ಪಂದ್ಯದಲ್ಲಿ ಸೋಲಿಸಿತು. ಇಂತಹ ಗಣಕಗಳ ಆಟವನ್ನು ಅಭ್ಯಾಸ ಮಾಡಿದವರಿಗೆ ಕಂಡುಬಂದ ಒಂದು ಸಂಗತಿ: ಅವು ಫ್ಲಾಪಿನಲ್ಲಿ ಬಹಳ ಸಲ ಸುಮ್ಮನಿರುತ್ತವೆ. ಒಳ್ಳೆಯ ಕೈ ಇದ್ದೂ ಸುಮ್ಮನಿರುತ್ತವೆ. ಸುಮ್ಮನಿದ್ದು ಟರ್ನಿನಲ್ಲಿ ಒಡ್ಡುತ್ತವೆ. ಇದೇ ತಡೆದು ಒಡ್ಡುವ ಪಣ.

ಮೊದಲನೆಯ 'ಬೇಡ', ಎರಡನೆಯ 'ಬೇಡ'

ತಡೆಯುವುದರಿಂದ ದೊರೆಯುವುದೇನು? ಒಂದು ಸುದ್ದಿ ದೊರೆಯುತ್ತದೆ. ಅದರ ಬೆಲೆ ನಮ್ಮ ಕಡೆಯ ಉಪಚಾರ ಬಲ್ಲವರಿಗೆ ಚೆನ್ನಾಗಿ ತಿಳಿದೀತು. ಮನೆಗೆ ಬಂದವರಿಗೆ "ಕಾಫಿ ತೆಗೆದುಕೊಳ್ಳಿ" ಎಂದರೆ ಮೊದಲು ಅವರು "ಬೇಡ" ಎನ್ನುವರು. ಆ ಬೇಡಕ್ಕೆ ಅರ್ಥವೇನೂ ಇಲ್ಲ, ಅದು ನಡತೆ. ಮತ್ತೊಮ್ಮೆ ಕೇಳಿದಾಗಲೂ "ಬೇಡ" ಎಂದರೆ ಬಹುಶಃ ನಿಜವಾಗಿಯೂ ಬೇಡ. ಪೋಕರಿನಲ್ಲಿಯೂ ಹಾಗೆಯೇ. ಫ್ಲಾಪ್ ಬಿದ್ದೊಡನೆ ಎದುರಾಳಿ, ಮೊದಲು ಏರಿಸಿದವನ ಮುಂದೆ, ಸರದಿ ಬಿಡುವುದು ವಾಡಿಕೆ. ಬಲವಿದ್ದರೂ ಬಿಡುತ್ತಾನೆ, ಇಲ್ಲದಿದ್ದರೂ ಬಿಡುತ್ತಾನೆ. ಆ ಮೌನದಿಂದ ಏನೂ ತಿಳಿಯದು. ಆದರೆ ನೀವೂ ಸರದಿ ಬಿಟ್ಟಿರೆನ್ನಿ. ಟರ್ನ್ ಬಂತು. ಒಳಗೊಳಗೆ ಬಲವಾದ ಕೈ ಹಿಡಿದು, ನಿಮ್ಮ ಪಣಕ್ಕಾಗಿ ಕಾಯುತ್ತಿದ್ದವನಾದರೆ ಅವನಿಗೆ ಈಗ ಕಳವಳ: ಒಂದು ಸುತ್ತು ಹಣವಿಲ್ಲದೆ ಹೋಯಿತು, ಇನ್ನೊಂದೂ ಹೋದರೆ ಗತಿಯೇನು? ಅವನು ತಾನೇ ಒಡ್ಡುವ ಸಂಭವ ಹೆಚ್ಚು. ಹಾಗೆ ಒಡ್ಡದೆ ಎರಡನೆಯ ಸಲವೂ ಮೇಜನ್ನು ತಟ್ಟಿದನೆಂದರೆ ಅವನ ಕೈ ಬಡವೆಂದು ನಂಬಲು ಕಾರಣ ದೊರೆಯಿತು. ನಿಮ್ಮ ಪಣ ಈಗ ಕತ್ತಲಲ್ಲಿ ಎಸೆದ ಕಲ್ಲಲ್ಲ.

ನನ್ನ ಎರಡು ರಾಜರ ಕಥೆಗೆ ಹಿಂದಿರುಗೋಣ. ಎಕ್ಕ, ಏಳು, ಎರಡು. ನಾನು ಸುಮ್ಮನಿದ್ದಿದ್ದರೆ? ಅವನ ಒಂಬತ್ತುಗಳು ನನ್ನನ್ನು ಹಿಂದೆ ಹಾಕಬೇಕಾದರೆ ಕಟ್ಟಿನಲ್ಲಿ ಉಳಿದ ಎರಡು ಒಂಬತ್ತುಗಳಲ್ಲಿ ಒಂದು ಬರಬೇಕು. ನಲವತ್ತೈದು ಎಲೆಗಳಲ್ಲಿ ಎರಡು. ನೂರಕ್ಕೆ ಐದಕ್ಕೂ ಕಡಮೆ. ಅಷ್ಟು ಅಪಾಯ ಕೊಟ್ಟು ಒಂದು ಸುದ್ದಿಯನ್ನು ಕೊಂಡಂತಾಗುತ್ತಿತ್ತು. ಟರ್ನಿನಲ್ಲಿ ಒಂದು ನಾಲ್ಕು ಬಿದ್ದು, ಅವನು ಮತ್ತೆ ಸರದಿ ಬಿಟ್ಟು, ಆಗ ನಾನು ಇಪ್ಪತ್ತು ಒಡ್ಡಿದ್ದರೆ ಅವನು ಹೀಗೆ ಯೋಚಿಸುತ್ತಿದ್ದ: 'ಎಕ್ಕವಿದ್ದರೆ ಈ ಮೇಷ್ಟರು ಆಗಲೇ ಒಡ್ಡುತ್ತಿದ್ದರು. ಈಗ ನನ್ನ ಮೌನ ಕಂಡು ಧೈರ್ಯ ತಂದುಕೊಂಡಿದ್ದಾರೆ.' ಇಪ್ಪತ್ತು ಇಡುತ್ತಿದ್ದ. ಹಾಗೆಂದು ಅವನೇ ಒಪ್ಪಿಕೊಂಡ. ಮಧ್ಯಮ ಬಲದ ಕೈ, ಎಂದರೆ ಬಿಚ್ಚಿ ತೋರಿಸಿದರೆ ಬಹುಶಃ ಗೆಲ್ಲುವ, ಆದರೆ ದೊಡ್ಡ ರಾಶಿಗೆ ತಾಳಲಾರದ ಕೈ, ತಡೆದು ಒಡ್ಡುವುದಕ್ಕೆ ಎಲ್ಲಕ್ಕಿಂತ ಒಪ್ಪುವಂತಹುದು.

ಹೊಸಕೋಟೆಯ ಒಂದು ರಾತ್ರಿ

ಎರಡನೆಯ ಸಂದರ್ಭ ನೆಲದ್ದು. ಏರಿಸಿದವನ ಕೈಯಲ್ಲಿ ಸಾಮಾನ್ಯವಾಗಿ ಎಕ್ಕ, ರಾಜ, ರಾಣಿಯಂತಹ ದೊಡ್ಡ ಎಲೆಗಳಿರುತ್ತವೆ. ಕಡ್ಡಾಯದ ಸಣ್ಣ ಪಣವನ್ನು ಮೊದಲೇ ಇಟ್ಟು, ಅದನ್ನು ಬಿಡಲಾರದೆ ಆಟಕ್ಕೆ ನಿಂತವನ ಕೈಯಲ್ಲಿ ಎಂಟು-ಏಳು, ಏಳು-ಆರರಂತಹ ನೆರೆಹೊರೆಯ ಸಣ್ಣ ಎಲೆಗಳೂ ಇರುವುದುಂಟು. ನೆಲಕ್ಕೆ ರಾಜ, ಏಳು, ಎರಡು ಬಿದ್ದರೆ ಅದು ಏರಿಸಿದವನ ನೆಲ. ಒಂಬತ್ತು, ಎಂಟು, ಏಳು ಬಿದ್ದರೆ? ಅದು ಕಾದು ಕುಳಿತವನ ನೆಲ. ಅಲ್ಲಿ ರಭಸದಿಂದ ನುಗ್ಗುವುದು ಅವನ ಅಂಗಳಕ್ಕೆ ನಾವಾಗಿ ಹೋಗಿ ಬಿದ್ದಂತೆ.

ಇದನ್ನು ಕೇಳುವಾಗ ನನಗೆ ನಮ್ಮ ಜಿಲ್ಲೆಯ ಒಂದು ಹಳೆಯ ಸಂಗತಿ ನೆನಪಾಯಿತು. ೧೭೬೮ರ ಆಗಸ್ಟ್ ತಿಂಗಳು. ಮೈಸೂರಿಗೂ ಇಂಗ್ಲಿಷರಿಗೂ ಮೊದಲನೆಯ ಯುದ್ಧ ನಡೆಯುತ್ತಿತ್ತು. ದೇವನಹಳ್ಳಿಯ ಮುತ್ತಿಗೆಯಲ್ಲಿ ೧೭೪೯ರಲ್ಲಿ ಮೊದಲು ಹೆಸರು ಗಳಿಸಿದ್ದ ಹೈದರಾಲಿ ಆಗ ಮೈಸೂರಿನ ಸರ್ವಾಧಿಕಾರಿ. ಇಂಗ್ಲಿಷರ ಪಕ್ಷ ವಹಿಸಿದ್ದ ಮರಾಠಾ ನಾಯಕ ಮುರಾರಿರಾವ್ ಹೊಸಕೋಟೆಯ ಬಳಿ ಪಾಳೆಯ ಬಿಟ್ಟಿದ್ದ. ಹೈದರನ ಸೈನ್ಯ ರಾತ್ರಿಯಲ್ಲಿ ಆ ಪಾಳೆಯದ ಮೇಲೆ ಕುದುರೆ ನುಗ್ಗಿಸಿತು. ಮುರಾರಿರಾವ್ ಕೊಟ್ಟ ಆಜ್ಞೆಯನ್ನು, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ: ತನ್ನವರಲ್ಲಿ ಯಾರೂ ಕುದುರೆ ಏರಕೂಡದು, ನಿಂತಲ್ಲಿಯೇ ನಿಲ್ಲಬೇಕು. ಹೀಗಾಗಿ ಕತ್ತಲಲ್ಲಿ ಕುದುರೆಯ ಮೇಲಿದ್ದವನೆಲ್ಲ ಶತ್ರುವೆಂಬುದು ತಾನಾಗಿ ಸ್ಪಷ್ಟವಾಯಿತು. ನುಗ್ಗಿದವರ ಕುದುರೆಗಳು ಡೇರೆಯ ಹಗ್ಗಗಳಲ್ಲಿ ತೊಡಕಿಕೊಂಡುವು. ಗಾಯಗೊಂಡ ಆನೆಯೊಂದು ಬಿಡಿಸಿಕೊಂಡು, ತನ್ನ ಸರಪಳಿಯನ್ನೇ ಸೊಂಡಿಲಿನಲ್ಲಿ ಹಿಡಿದು ಬೀಸಿತಂತೆ. ದಾಳಿ ಮುರಿಯಿತು. ಪಾಳೆಯ ಮುರಾರಿರಾಯನದು, ಹಗ್ಗ ಅವನದು, ಕತ್ತಲೂ ಅವನದೇ. ಒಂಬತ್ತು-ಎಂಟು-ಏಳರ ನೆಲದ ಮೇಲೆ ಪಣ ಒಡ್ಡುವವನು ಈ ಚಿತ್ರವನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು.

ಆದರೆ ಹೈದರ್ ಕಲಿಯುವ ಜಾತಿಯವನು. ಮುಂದಿನ ವರ್ಷ ಅವನು ಆಡಿದ ಆಟವೇ ಬೇರೆ. ಇಂಗ್ಲಿಷರ ದಂಡನ್ನು ತನ್ನ ಹಿಂದೆ ಹಿಂದೆ ಸುತ್ತಾಡಿಸಿ ಅದು ಮದರಾಸಿನಿಂದ ದೂರವಾಗುವವರೆಗೆ ತಡೆದ. ಆಮೇಲೆ ಸುಮಾರು ಆರು ಸಾವಿರ ಆಯ್ದ ಕುದುರೆಗಳೊಡನೆ ಮೂರೂವರೆ ದಿನಗಳಲ್ಲಿ ನೂರ ಮೂವತ್ತು ಮೈಲಿ ಓಡಿ, ೧೭೬೯ರ ಮಾರ್ಚ್ ಕೊನೆಯಲ್ಲಿ ಮದರಾಸಿನ ಬಾಗಿಲಲ್ಲಿ ಪ್ರತ್ಯಕ್ಷನಾದ. ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರು ಒಪ್ಪಂದಕ್ಕೆ ಸಹಿ ಹಾಕಿದರು. ಅಷ್ಟು ತಿಂಗಳು ಅವನು ತೋರಿದ ಹಿಂಜರಿಕೆಯನ್ನು ಕಂಡು ಅವನ ಕೈ ಬರಿದಾಯಿತೆಂದು ಮದರಾಸಿನವರು ಬಗೆದಿದ್ದರೆ ಅವರನ್ನು ಮೂರ್ಖರೆನ್ನಲಾಗದು. ಮೌನವನ್ನು ಓದುವುದು ಕಷ್ಟ.

ಈ ಮಾತಿನಿಂದ ಆಟಗಾರನಿಗೊಂದು ಎಚ್ಚರಿಕೆ ಹುಟ್ಟುತ್ತದೆ. ಬಡ ಕೈಗಳಲ್ಲಿ ಮಾತ್ರ ಸುಮ್ಮನಿದ್ದು, ಬಲವಾದ ಕೈಗಳಲ್ಲೆಲ್ಲ ಒಡನೆಯೇ ಒಡ್ಡುವವನ ಮೌನ ಬಹುಬೇಗ ಬಯಲಾಗುತ್ತದೆ. ಅವನು ಮೇಜು ತಟ್ಟಿದೊಡನೆ ಎದುರಾಳಿ ರಾಶಿಯ ಮೇಲೆ ಕೈ ಹಾಕುವನು. ಆದುದರಿಂದ ಬಲ್ಲವರು ಆಗೊಮ್ಮೆ ಈಗೊಮ್ಮೆ ಅತ್ಯುತ್ತಮವಾದ ಕೈ ಹಿಡಿದೂ ಸರದಿ ಬಿಡುವರು. ಆ ಆಟದಲ್ಲಿ ಒಂದಿಷ್ಟು ಕಳೆದುಕೊಂಡರೂ ಉಳಿದ ಆಟಗಳಲ್ಲಿ ಅವರ ಮೌನಕ್ಕೆ ಮರ್ಯಾದೆ ಉಳಿಯುತ್ತದೆ.

ಎದುರಾಳಿಗಳ ಸಂಖ್ಯೆಯನ್ನು ಮರೆಯಬಾರದು. ಒಬ್ಬನೇ ಇದ್ದರೆ ಅವನಿಗೆ ಜೋಡಿ ಕೂಡದಿರುವ ಸಂಭವ ಮೂರರಲ್ಲಿ ಎರಡು. ಇಬ್ಬರಿದ್ದರೆ ಇಬ್ಬರಿಗೂ ಕೂಡದಿರುವುದು ಒಂಬತ್ತರಲ್ಲಿ ನಾಲ್ಕು. ಮೂವರಿದ್ದರೆ ಇಪ್ಪತ್ತೇಳರಲ್ಲಿ ಎಂಟು, ನೂರಕ್ಕೆ ಮೂವತ್ತಕ್ಕೂ ಕಡಮೆ. ಮೂವರ ನಡುವೆ ಬರಿಗೈಯಲ್ಲಿ ಬೆದರಿಕೆ ಹಾಕುವುದಕ್ಕಿಂತ ಒಂದು ಸುತ್ತು ನೋಡುವುದು ಲೇಸು. ಸರದಿಯಲ್ಲಿ ಕೊನೆಯವರಾಗಿರುವುದೂ ಮುಖ್ಯ. ಎಲ್ಲರ ಎರಡನೆಯ 'ಬೇಡ'ವನ್ನೂ ಕೇಳಿ ಮಾತಾಡುವ ಅವಕಾಶ ಕೊನೆಯವನಿಗೆ ಮಾತ್ರ ಉಂಟು. ಮೊದಲನೆಯವನು ಸುಮ್ಮನಿದ್ದರೆ ಹಿಂದಿನವನೇ ಒಡ್ಡಿ ಆ ಅವಕಾಶವನ್ನು ಕಸಿದುಕೊಂಡಾನು.

ಇನ್ನು ಟರ್ನಿನ ಎಲೆ. ಕೈಯಲ್ಲಿ ಎಕ್ಕ-ರಾಣಿ, ನೆಲದಲ್ಲಿ ಒಂಬತ್ತು-ಎಂಟು-ಏಳು, ಇಬ್ಬರೂ ಸುಮ್ಮನಿದ್ದಿರಿ ಎನ್ನೋಣ. ರಾಜ ಬಿದ್ದ, ಅವನು ಮತ್ತೆ ಸರದಿ ಬಿಟ್ಟ. ಈಗ ಒಡ್ಡಬಹುದು. ರಾಜ ನಿಮ್ಮ ಕೈಯಲ್ಲಿಲ್ಲದಿದ್ದರೂ, ಅದು ಇರಬಹುದಾದುದು ನಿಮ್ಮ ಕೈಯಲ್ಲಿಯೇ ಹೆಚ್ಚು. ಏಳರ ಜೋಡಿಯನ್ನೋ ಎಂಟರ ಜೋಡಿಯನ್ನೋ ಹಿಡಿದವನಿಗೆ ಅಂಜಲು ಹೊಸದೊಂದು ಕಾರಣ ಸಿಕ್ಕಿತು. ಆದರೆ ರಾಜನ ಬದಲು ಆರೋ ಹತ್ತೋ ಬಿದ್ದರೆ ನೆಲದಲ್ಲಿ ನಾಲ್ಕು ಎಲೆ ಸಾಲಾಗಿ ನಿಂತುವು. ಒಂದೇ ಎಲೆಯಿಂದ ಯಾರಾದರೂ ಐದನ್ನು ಪೂರ್ತಿಮಾಡಿಯಾರು. ಆಗ ತಡೆದ ಪಣವನ್ನು ತಡೆದೇ ಇಡಬೇಕು. ತಡೆದುದನ್ನು ಒಡ್ಡಲೇಬೇಕೆಂಬ ಋಣವೇನೂ ಇಲ್ಲ. ಈ ಕೊನೆಯ ಮಾತು ನನ್ನ ಶಿಷ್ಯ ಎರಡು ಸಲ ಹೇಳಿದ. ನನ್ನ ಮುಖದಲ್ಲಿ ಏನನ್ನು ಕಂಡನೋ.

ತಡೆಯಬಾರದ ಸಮಯ

"ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ಆಧಾರ ಮಾಡಿಕೊಂಡು ಎಲ್ಲ ಕಡೆಯೂ ತಾಳುವವನು ಪೋಕರಿನಲ್ಲಿ ಬಾಳುವುದಿಲ್ಲ. ಒಂದು ಲೆಕ್ಕ ನೋಡಿ. ರಾಶಿಯಲ್ಲಿ ನೂರು ಇದೆ. ನಿಮ್ಮ ಕೈ ನಿಜವಾಗಿಯೂ ಬಲವಾದುದು. ಎದುರಾಳಿ ಕೊನೆಯವರೆಗೂ ಬರುವ ಹಟಮಾರಿ. ಪ್ರತಿ ಸುತ್ತಿನಲ್ಲಿಯೂ ರಾಶಿಯ ಅರ್ಧವನ್ನು ಒಡ್ಡಿ ಅವನೂ ಅಷ್ಟೇ ಇಟ್ಟರೆ ಪ್ರತಿ ಸುತ್ತಿಗೂ ರಾಶಿ ಇಮ್ಮಡಿಯಾಗುತ್ತದೆ: ಮೂರು ಸುತ್ತಿನಲ್ಲಿ ನೂರು ಎಂಟುನೂರಾಯಿತು. ಅದರಲ್ಲಿ ಅವನು ಹೊಸದಾಗಿ ಸುರಿದುದು ಮುನ್ನೂರ ಐವತ್ತು. ಫ್ಲಾಪಿನಲ್ಲಿ ಒಂದೇ ಒಂದು ಸಲ ಸುಮ್ಮನಿದ್ದರೆ ರಾಶಿ ನಾನೂರಕ್ಕೆ ನಿಲ್ಲುತ್ತದೆ. ಅವನಿಂದ ಬಂದುದು ನೂರ ಐವತ್ತು ಮಾತ್ರ. ಒಂದು ಬೆರಳ ತಟ್ಟಿಗೆ ಇನ್ನೂರು ಬೀಜದ ದಂಡ! ಹಟಮಾರಿಯ ಎದುರು ಮೌನಕ್ಕಿಂತ ದುಬಾರಿಯಾದ ಆಭರಣವಿಲ್ಲ.

ಹಾಗೆಯೇ, ನೆಲದಲ್ಲಿ ಎರಡು ಆಟೀನು ಎಲೆಗಳಿದ್ದು ಎದುರಾಳಿಯ ಕೈಯಲ್ಲಿಯೂ ಎರಡು ಆಟೀನುಗಳಿವೆ ಎನ್ನಿ. ಅವನಿಗೆ ಬೇಕಾದ ಐದನೆಯ ಆಟೀನು ಅವನು ಕಾಣದ ನಲವತ್ತೇಳು ಎಲೆಗಳಲ್ಲಿ ಒಂಬತ್ತು ಉಂಟು: ಸುಮಾರು ಐದು ಸಲಕ್ಕೆ ಒಂದು ಸಲ. ಒಂಬತ್ತರ ಜೋಡಿಯವನಿಗೆ ಬಿಟ್ಟಿಯಾಗಿ ಎಲೆ ತೋರಿಸಿದಂತೆ ಇವನಿಗೂ ತೋರಿಸುವುದು ಔದಾರ್ಯವಲ್ಲ, ಅವಿವೇಕ. ನಿಮ್ಮ ಕೈ ಒಳ್ಳೆಯದಿದ್ದರೆ ಅವನು ಆ ಎಲೆಯನ್ನು ನೋಡುವುದಕ್ಕೆ ಬೆಲೆ ಕೊಡಲಿ. ರಾಜ-ಏಳು-ಎರಡರಂತಹ ಒಣ ನೆಲದ ಮೇಲೂ ತಡೆಯುವ ಅಗತ್ಯ ಕಡಮೆ. ಅಲ್ಲಿ ಒಂದು ಸಣ್ಣ ಪಣಕ್ಕೇ ಬರಿಗೈಯವರೆಲ್ಲ ಎದ್ದು ಹೋಗುವರು; ಸಣ್ಣ ಖರ್ಚಿನಲ್ಲಿ ಆಗುವ ಕೆಲಸಕ್ಕೆ ನಾಳೆಯವರೆಗೆ ಕಾಯುವುದೇಕೆ?

ಒಟ್ಟಿನಲ್ಲಿ ತಡೆಯುವುದೂ ಒಂದು ವ್ಯಾಪಾರವೇ. ಬಿಟ್ಟಿ ಎಲೆ ಕೊಟ್ಟುದು ಬೆಲೆ, ಎರಡನೆಯ ಮೌನವನ್ನು ಕೇಳಿದುದು ಸರಕು. ನನಗೆ ಸಂಕೋಚವಾದುದು ಇಲ್ಲಿಯೇ. ಆ ಸಂಜೆ ನಾನು ಒಂದೆರಡು ಸಲ ಸುಮ್ಮನಿದ್ದುದು ಈ ಲೆಕ್ಕದಿಂದಲ್ಲ, ಬರಿಯ ಅಂಜಿಕೆಯಿಂದ. ಹೊರಗೆ ನೋಡುವವರಿಗೆ ಎರಡೂ ಒಂದೇ ಬೆರಳಿನ ತಟ್ಟು.

ಸರದಿ ಬಿಡಲಾರದವರು

ಕನ್ನಡ ಪಾಠ ಹೇಳುವವನಿಗೆ ಜೂಜೆಂದೊಡನೆ ಕುಮಾರವ್ಯಾಸನ ಸಭಾಪರ್ವ ನೆನಪಿಗೆ ಬರುವುದು ಸಹಜ. ಧರ್ಮರಾಯ ಸೋತುದು ಶಕುನಿಯ ಕಪಟದಿಂದ ಎಂದು ಎಲ್ಲರೂ ಬಲ್ಲರು. ಆದರೆ ಆ ಆಟದ ಓಟವನ್ನು ಗಮನಿಸಿ. ರತ್ನ ಹೋಯಿತು, ಚಿನ್ನ ಹೋಯಿತು, ರಥ ಹೋಯಿತು, ಆನೆ ಕುದುರೆಗಳು ಹೋದುವು. ವ್ಯಾಸಭಾರತದ ಪ್ರಕಾರ ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ, ತಾನು, ಕೊನೆಗೆ ದ್ರೌಪದಿ. ಎಲ್ಲಿಯೂ ಒಂದು ಬಿಡುವಿಲ್ಲ. ಕರೆದ ಆಟಕ್ಕೆ ಹಿಂಜರಿಯುವುದಿಲ್ಲವೆಂಬುದು ಅವನ ವ್ರತ. ಕಪಟವಿಲ್ಲದ ದಾಳವಾಗಿದ್ದರೂ ಆ ವ್ರತದವನು ಎಷ್ಟು ಹೊತ್ತು ಉಳಿದಾನು? ಮೊದಲ ಪಣಕ್ಕೆ ಒಪ್ಪಿದುದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು: ಮುಂದುವರಿಕೆಯ ಪಣ ಎಂಬ ಹೆಸರಿಗೆ ಇದಕ್ಕಿಂತ ದಾರುಣವಾದ ಉದಾಹರಣೆ ಲೋಕದ ಸಾಹಿತ್ಯದಲ್ಲಿ ನನಗೆ ತಿಳಿಯದು.

ಅದೇ ಭಾರತದ ವನಪರ್ವದಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕಥೆ ಹೇಳುತ್ತಾನೆ. ಕನ್ನಡದಲ್ಲಿ ಕನಕದಾಸರು 'ನಳಚರಿತ್ರೆ'ಯಾಗಿ ಹಾಡಿದುದು ಇದೇ ಕಥೆ. ನಳನೂ ದಾಳದಲ್ಲಿ ರಾಜ್ಯ ಕಳೆದುಕೊಂಡವನೇ. ಆದರೆ ಅವನು ಒಡನೆಯೇ ತಿರುಗಿ ಆಡಲಿಲ್ಲ. ಋತುಪರ್ಣನ ಸಾರಥಿಯಾಗಿ ಕಾಲ ಕಳೆದ. ದಾರಿಯಲ್ಲಿ ಋತುಪರ್ಣ ಒಂದು ತಾರೆಯ ಮರದ ಕೊಂಬೆಗಳನ್ನು ನೋಡಿಯೇ ಅದರ ಎಲೆ ಕಾಯಿಗಳ ಲೆಕ್ಕ ಹೇಳಿದ; ನಳ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿದ. ಕಾಣುವ ಸ್ವಲ್ಪದಿಂದ ಕಾಣದ ಬಹಳವನ್ನು ಎಣಿಸುವ ಆ ವಿದ್ಯೆಯ ಜೊತೆಗೆ ಅಕ್ಷಹೃದಯವನ್ನೂ ಕಲಿತ. ಆಮೇಲೆ ಪುಷ್ಕರನ ಬಳಿಗೆ ಹೋಗಿ ಒಂದೇ ಪಣ ಒಡ್ಡಿ, ಹೋದುದನ್ನೆಲ್ಲ ಪಡೆದ. ಕಥೆ ಮುಗಿದ ಮೇಲೆ ಮುನಿ ಧರ್ಮರಾಯನಿಗೂ ಆ ವಿದ್ಯೆಯನ್ನು ಕಲಿಸಿದನಂತೆ. ಪಾಪ, ಪಾಠ ಪರೀಕ್ಷೆಯ ಮೇಲೆ ಬಂತು.

ನಮ್ಮ ಮನೆಯಲ್ಲಿಯೂ ಒಬ್ಬ ಧರ್ಮರಾಯನಿದ್ದ: ನನ್ನ ತಾಯಿಯ ಸೋದರಮಾವ. ವಿಜಯಪುರದ ದಾರಿಯಲ್ಲಿ ಅವರಿಗೆ ಎರಡು ಎಕರೆ ರಾಗಿಹೊಲವಿತ್ತು. ಒಂದು ಹೊಸತೊಡಕಿನ ರಾತ್ರಿ ಮೂರೆಲೆಯಲ್ಲಿ ಅದು ಹೋಯಿತು. ಒಮ್ಮೆ ಮೇಲಕ್ಕೆತ್ತಿದ ಕೈಯನ್ನು ಕೆಳಗಿಳಿಸಬಾರದೆಂಬುದು ಅವರ ನಂಬಿಕೆ. ಎಲೆ ಬಿಸಾಡುವುದು ಅವಮಾನ. ಹಣ ಹಾಕುವುದೊಂದೇ ಉಳಿದ ದಾರಿ. ಆ ಆಟದಲ್ಲಿ ಮೂರನೆಯ ದಾರಿಯೇ ಇಲ್ಲವೆಂದು ಮೊದಲೇ ಹೇಳಿದೆನಷ್ಟೆ. ಇದ್ದಿದ್ದರೂ ಅವರು ಆ ದಾರಿಯಲ್ಲಿ ನಡೆಯುತ್ತಿದ್ದರೋ ಇಲ್ಲವೋ. ಬೇರೆಯವರ ಹೆಸರಿನ ಆ ಹೊಲದ ಮೇಲೆ ಈಗ ವಿಮಾನಗಳು ತಗ್ಗಿ ಹಾರುತ್ತವೆ. ಅದರ ಇಂದಿನ ಬೆಲೆಯನ್ನು ನಮ್ಮ ತಾಯಿಯ ಮುಂದೆ ಯಾರೂ ಎತ್ತುವುದಿಲ್ಲ.

ಆದುದರಿಂದ ಈ ಲೇಖನವನ್ನು ಓದಿ ಯಾರೂ ಗಂಟು ಬಿಚ್ಚಬಾರದೆಂದು ಪ್ರಾರ್ಥನೆ. ಕಾನೂನಿನ ಮಾತನ್ನು ಎರಡು ವಾಕ್ಯಗಳಲ್ಲಿ ಹೇಳಿಬಿಡುತ್ತೇನೆ. ಪೋಕರ್ ಕೌಶಲದ ಆಟವಾದುದರಿಂದ ಅದನ್ನು ಆಡಿಸಲು ಪರವಾನಗಿ ಬೇಕಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯ ೨೦೧೩ರಲ್ಲಿ ಹೇಳಿತು; ೨೦೨೧ರಲ್ಲಿ ರಾಜ್ಯ ಸರ್ಕಾರ ಪೋಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ನಿಷೇಧಗಳನ್ನು ೨೦೨೨ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಆದರೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ, ಅಂತರಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಒಟ್ಟಾಗಿ ನಿಷೇಧಿಸಿತು. ಹುಣಿಸೆಬೀಜದ ಬಗ್ಗೆ ಯಾವ ಕಾಯಿದೆಯೂ ಏನನ್ನೂ ಹೇಳಿಲ್ಲ.

ಆ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಬಳಿ ಅರವತ್ತು ಬೀಜ ಉಳಿದಿದ್ದುವು. ಕೊನೆಯ ಆಟ. ನನಗೆ ಎಕ್ಕ ಮತ್ತು ಗುಲಾಮ. ಹದಿನೈದು ಒಡ್ಡಿದೆ, ಅವನೂ ಇಟ್ಟ. ನೆಲದಲ್ಲಿ ಎಂಟು, ಏಳು, ಐದು. ಅವನು ತಟ್ಟಿದ. ಹಳೆಯ ಚಾಳಿ ಕೈಯನ್ನು ಬೀಜಗಳ ಕಡೆಗೆ ಎಳೆಯಿತು. ಹಿಂದಕ್ಕೆ ತೆಗೆದುಕೊಂಡು ನಾನೂ ತಟ್ಟಿದೆ. ಟರ್ನಿನಲ್ಲಿ ರಾಣಿ ಬಂದಳು. ಅವನು ಮತ್ತೆ ತಟ್ಟಿದ. ಮೊದಲನೆಯ ಬೇಡ ಆಯಿತು, ಎರಡನೆಯ ಬೇಡವೂ ಆಯಿತು. ಹದಿನೈದು ಒಡ್ಡಿದೆ.

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಎಲೆಗಳ ಅಂಚನ್ನು ಉಗುರಿನಿಂದ ಸವರಿದ. ಆಮೇಲೆ ಎಣಿಸಿ ಹದಿನೈದು ಬೀಜ ಮುಂದಕ್ಕೆ ತಳ್ಳಿದ. ರಿವರಿನಲ್ಲಿ ಒಂದು ಮೂರು. ಇಬ್ಬರೂ ತಟ್ಟಿ ಎಲೆ ಬಿಚ್ಚಿದೆವು. ಅವನ ಬಳಿ ಎಂಟರ ಜೋಡಿ.

"ಸರಿಯಾಗಿಯೇ ಆಡಿದಿರಿ, ಸಾರ್" ಎಂದು ಅವನು ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡ. "ಬೀಜ ಮಾತ್ರ ನನ್ನದು."

ಒಳಗಿನಿಂದ ಅವನ ತಾಯಿ, ಆಟ ಮುಗಿದಿದ್ದರೆ ಬೀಜವನ್ನೆಲ್ಲ ಎಣಿಸಿ ಡಬ್ಬಿಗೆ ತುಂಬಿಡಬೇಕೆಂದು ಕೂಗಿ ಹೇಳಿದರು.